ಸೇತುವೆಯ ನಡುಕದಿಂದ ವಿದ್ಯುತ್ ತೆಗೆಯಬಲ್ಲ ಲೋಹ



2007ರ ಆಗಸ್ಟ್ 1ರ ಸಂಜೆ ಮಿನಿಯಾಪೊಲಿಸ್‌ನಲ್ಲಿ ಮಿಸಿಸಿಪ್ಪಿ ನದಿಯ ಮೇಲಿನ ಐ-35ಡಬ್ಲ್ಯೂ ಸೇತುವೆ ಕುಸಿದು 13 ಜನ ತೀರಿಕೊಂಡದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮರುವರ್ಷ ಅಲ್ಲೇ ತೆರೆದ ಹೊಸ ಸೇತುವೆಗೆ ಕಟ್ಟುವಾಗಲೇ 300ಕ್ಕೂ ಹೆಚ್ಚು ಸೆನ್ಸರ್ ಅಳವಡಿಸಿದರು. ಆದರೆ ಹಳೆಯ ಸೇತುವೆಗಳ ಗತಿ ಏನು? ಉದ್ದಕ್ಕೂ ತಂತಿ ಎಳೆಯುವುದು ದುಬಾರಿ. ವೈರ್‌ಲೆಸ್ ಸೆನ್ಸರ್ ಹಾಕಿದರೆ ಬ್ಯಾಟರಿ ಬದಲಿಸಲು ಯಾರೋ ಮತ್ತೆ ಮತ್ತೆ ಸೇತುವೆಯಡಿ ನೇತಾಡಬೇಕು. ಲಾರಿ ಹೋದಾಗ ಸೇತುವೆ ನಡುಗುತ್ತದಲ್ಲ, ಆ ನಡುಕದಿಂದಲೇ ವಿದ್ಯುತ್ ತೆಗೆಯಬಹುದೇ?

ಇದಕ್ಕೆ ಪ್ರಯೋಗವಾಗುತ್ತಿರುವ ವಸ್ತುಗಳಲ್ಲಿ ನಿಕಲ್, ಮ್ಯಾಂಗನೀಸ್, ಗ್ಯಾಲಿಯಂ ಸೇರಿದ ಮಿಶ್ರಲೋಹವೂ ಒಂದು. ಮಕ್ಕಳ ಹಲ್ಲಿನ ಬ್ರೇಸಸ್‌ಗೆ ಹಾಕುವ ನಿಟಿನಾಲ್ ತಂತಿಯ ದೂರದ ನೆಂಟ ಅನ್ನಿ. ನಿಟಿನಾಲನ್ನು ಬಗ್ಗಿಸಿ ಬಿಸಿ ಮಾಡಿದರೆ ಹಳೆಯ ಆಕಾರಕ್ಕೆ ಮರಳುತ್ತದೆ. ಇದಕ್ಕೆ ಬಿಸಿ ಬೇಡ, ಅಯಸ್ಕಾಂತ ಸಾಕು. 1996ರಲ್ಲಿ ಕಾರಿ ಉಲ್ಲಾಕ್ಕೊ ಮತ್ತು ಸಂಗಡಿಗರು ತೋರಿಸಿದಾಗ ಅದು ಹಿಗ್ಗಿದ್ದು ಶೇ. 0.2ರಷ್ಟು ಮಾತ್ರ. ಮುಂದಿನ ಕೆಲವೇ ವರ್ಷಗಳಲ್ಲಿ ಅದು ಶೇ. 6 ದಾಟಿ, ಶೇ. 10ರ ಹತ್ತಿರ ಬಂತು.

ಒಳಗೆ ನಡೆಯುವುದಿಷ್ಟು. ಈ ಹರಳಿನ ಪ್ರತಿ ಕಣಕ್ಕೂ ಒಂದು ಗಿಡ್ಡ ಬದಿ ಇರುತ್ತದೆ, ಕಾಂತತ್ವ ಆ ಬದಿಯ ದಿಕ್ಕಿನಲ್ಲೇ ನಿಲ್ಲಲು ಇಷ್ಟಪಡುತ್ತದೆ. ಪಕ್ಕದಲ್ಲಿ ಅಯಸ್ಕಾಂತ ಇಟ್ಟರೆ ಗಿಡ್ಡ ಬದಿಗಳು ಅತ್ತ ತಿರುಗಿ ಹರಳು ಉದ್ದವಾಗುತ್ತದೆ. ಈಗ ಅದನ್ನು ಮೇಲಿನಿಂದ ಒತ್ತಿ. ಗಿಡ್ಡ ಬದಿಗಳು ಒತ್ತಡದ ಕಡೆಗೆ ತಿರುಗುತ್ತವೆ, ಕಾಂತತ್ವವೂ ಜೊತೆಗೆ ತಿರುಗುತ್ತದೆ. ಸುತ್ತ ತಾಮ್ರದ ಸುರುಳಿ ಇದ್ದರೆ, ಫ್ಯಾರಡೆ 1831ರಲ್ಲೇ ಕಂಡುಕೊಂಡಂತೆ, ಅದರಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಒತ್ತಡ ಬಿಟ್ಟರೆ ಅಯಸ್ಕಾಂತವೇ ಹರಳನ್ನು ಮೊದಲಿನಂತೆ ಮಾಡುತ್ತದೆ. 2007ರಲ್ಲಿ ಟೆಕ್ಸಾಸ್ ಎ ಆಂಡ್ ಎಂ ವಿಶ್ವವಿದ್ಯಾಲಯದ ಇಬ್ರಾಹಿಂ ಕರಮನ್ ತಂಡ ಇದನ್ನು ಪ್ರಯೋಗದಲ್ಲಿ ಮಾಡಿ ತೋರಿಸಿತು.

ಇದರಿಂದ ಮನೆಯ ದೀಪ ಉರಿಯುವುದಿಲ್ಲ, ಅಂಥ ಆಸೆ ಬೇಡ. ಸೆನ್ಸರ್ ಆದರೋ ಹೆಚ್ಚು ಹೊತ್ತು ನಿದ್ದೆ ಮಾಡಿ, ಆಗಾಗ ಎದ್ದು ನಾಲ್ಕು ಅಂಕಿ ಕಳಿಸಿದರೆ ಸಾಕು (ನಮ್ಮ ಸಾಫ್ಟ್‌ವೇರ್ ಕೆಲಸ ಶುರುವಾಗುವುದು ಅಲ್ಲಿಂದ). ನನಗೆ ಕಾಣುವ ನಿಜವಾದ ತೊಡಕುಗಳು ಬೇರೆ. ಲೋಹ ಪೆಡಸು, ಒಂದೇ ಹರಳಾಗಿ ಬೆಳೆಸುವುದು ದುಬಾರಿ, ಬಿಸಿ ಹೆಚ್ಚಾದರೆ ಗುಣವೇ ಹೋಗುತ್ತದೆ. ಒತ್ತಡ ಒಂದು ಮಿತಿ ದಾಟದಿದ್ದರೆ ಗಿಡ್ಡ ಬದಿಗಳು ಕದಲುವುದೇ ಇಲ್ಲ, ಆದ್ದರಿಂದ ಸಣ್ಣ ನಡುಕ ವ್ಯರ್ಥ.

ಕುಸಿದ ಸೇತುವೆಯ ಊರಿನಲ್ಲೇ ಇನ್ನೊಂದು ದಾರಿಯೂ ಹುಟ್ಟಿತು. 2011ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ರಿಚರ್ಡ್ ಜೇಮ್ಸ್ ತಂಡ, ಬಿಸಿಯಾದಾಗ ತಟ್ಟನೆ ಬಲವಾದ ಕಾಂತತ್ವ ಪಡೆಯುವ ಮಿಶ್ರಲೋಹದಿಂದ ಶಾಖವನ್ನೇ ನೇರವಾಗಿ ವಿದ್ಯುತ್ತಾಗಿಸಿತು. ಅದರಲ್ಲಿ ಗ್ಯಾಲಿಯಂ ಇಲ್ಲ, ಬದಲಿಗೆ ಕೋಬಾಲ್ಟ್ ಮತ್ತು ತವರ ಇವೆ.