ಗಾಲಿಯ ಮೇಲಿನ ಮನೆ

ನಮ್ಮೂರಿನ ಹೆಸರು ಹ್ಯಾಂಡ್‌ಪೋಸ್ಟ್. ದಾರಿ ತೋರಿಸುವ ಕಂಬವನ್ನು ಮಲೆನಾಡಿನವರು ಕೈಮರವೆನ್ನುತ್ತಾರೆ. ನಾವು ಇಂಗ್ಲಿಷ್ ಹೆಸರನ್ನೇ ಊರಾಗಿಸಿಕೊಂಡಿದ್ದೇವೆ. ಮೈಸೂರಿನಿಂದ ಮಾನಂದವಾಡಿಗೆ ಹೋಗುವವರು ನಮ್ಮೂರನ್ನು ಹಾದು ಹೋಗುತ್ತಾರೆ. ಮುಂದೆ ಬಾವಲಿಯ ಕಾಡುದಾರಿಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವಿಲ್ಲವಾದುದರಿಂದ ಹೊತ್ತು ಮೀರಿ ಬಂದವರು ಈಚೆಗೇ ತಂಗಬೇಕು. ಹೀಗೆ ತಂಗಿದ್ದ ಒಂದು ವ್ಯಾನಿನೊಳಗೆ ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವೂ ಇದ್ದುದನ್ನು ಕಂಡ ದಿನದಿಂದ ನನ್ನ ಸೋದರಮಾವನವರಿಗೆ ನಿದ್ದೆ ಹತ್ತಲಿಲ್ಲ.

ಮಾವನವರು ನಿವೃತ್ತ ಬಸ್ ಚಾಲಕರು. ಮೂವತ್ತು ವರ್ಷ ಲೋಕವನ್ನೆಲ್ಲ ಊರು ಮುಟ್ಟಿಸಿದವರು, ಅತ್ತೆಯನ್ನು ಮಾತ್ರ ನಂಜನಗೂಡಿನಿಂದಾಚೆಗೆ ಕರೆದೊಯ್ದಿರಲಿಲ್ಲ. ನಿವೃತ್ತಿಯ ಹಣದಲ್ಲಿ ಅಂಥದೊಂದು ವ್ಯಾನು ಕೊಳ್ಳಬೇಕೆಂದು ನಿಶ್ಚಯಿಸಿ, ಲೆಕ್ಕ ಬರೆಯಲು ನನ್ನನ್ನು ಜೊತೆಗೆ ಕರೆದರು. ಆರು ತಿಂಗಳ ಅಲೆದಾಟದಲ್ಲಿ ಕಲಿತುದನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ. ವ್ಯಾನು ಕೊಳ್ಳುವ ವಿದ್ಯಾರ್ಥಿ ನಮ್ಮಲ್ಲಿ ಯಾರೂ ಇರಲಾರರು. ಅಧ್ಯಾಪಕರ ವಿಷಯ ಹೇಳಲಾರೆ.

ಈ ಹುಚ್ಚು ಹೊಸದೇನಲ್ಲ. 1885ರಲ್ಲಿಯೇ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾದಳದ ವೈದ್ಯರು ಬ್ರಿಸ್ಟಲಿನ ಬಂಡಿ ಕಾರ್ಖಾನೆಯೊಂದರಲ್ಲಿ ಎರಡು ಕುದುರೆಗಳ ಮನೆಬಂಡಿಯನ್ನು ಮಾಡಿಸಿ ದೇಶ ಸುತ್ತಿದರು. ನಮ್ಮ ಹಿರಿಯರೂ ಕಮಾನು ಗಾಡಿಯಲ್ಲಿ ಹುಲ್ಲು ಹಾಸಿ, ಪಾತ್ರೆ ಕಟ್ಟಿಕೊಂಡು ಜಾತ್ರೆಗೆ ಹೋದವರೇ.

ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಫೋರ್ಸ್ ಟ್ರಾವೆಲರ್, ಟಾಟಾ ವಿಂಗರ್ ಮುಂತಾದ ವ್ಯಾನುಗಳನ್ನು ಕೊಂಡು, ಒಳಗಿನದನ್ನು ಬೇರೆಯವರಿಂದ ಮಾಡಿಸುತ್ತಾರೆ. ಎತ್ತರದ ಚಾವಣಿಯದನ್ನೇ ಆರಿಸಬೇಕು. ಬಗ್ಗಿಕೊಂಡು ಅಡಿಗೆ ಮಾಡುವುದು ಒಂದು ದಿನದ ತಮಾಷೆ, ಎರಡನೆಯ ದಿನ ಸೊಂಟನೋವು. ಆದರೆ ಹೊಸಬರು ಮೋಸಹೋಗುವುದು ಎತ್ತರದಲ್ಲಲ್ಲ, ತೂಕದಲ್ಲಿ. ವಾಹನದ ಒಟ್ಟು ಅನುಮತಿತ ತೂಕದಿಂದ ಬರಿಯ ವಾಹನದ ತೂಕವನ್ನು ಕಳೆದರೆ ಉಳಿಯುವುದಷ್ಟೇ ನಮ್ಮ ಪಾಲು. ನೂರು ಲೀಟರ್ ನೀರೆಂದರೆ ನೂರು ಕಿಲೋ. 18 ಮಿಲಿಮೀಟರ್ ದಪ್ಪದ ಎಂಟು ಅಡಿ ನಾಲ್ಕು ಅಡಿಯ ಪ್ಲೈವುಡ್ ಹಲಗೆಯೊಂದೇ ಮೂವತ್ತು ಕಿಲೋ ಮೀರುತ್ತದೆ. ಅಂಥವು ಹತ್ತು ಬೇಕಾದರೆ? ಮಾವನವರು ತೇಗದ ಬೀರು ಬೇಕೆಂದಿದ್ದರು. ಈ ಲೆಕ್ಕ ತೋರಿಸಿದ ಮೇಲೆ ಬೀರಿನ ಮಾತೆತ್ತಲಿಲ್ಲ.

ವಿದ್ಯುತ್ತಿನದೂ ಹೀಗೆಯೇ. 12 ವೋಲ್ಟಿನ, 200 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 2,400 ವಾಟ್-ಗಂಟೆ ಇರುತ್ತದೆ. ಸೀಸದ ಬ್ಯಾಟರಿಯಾದರೆ ಅರ್ಧಕ್ಕಿಂತ ಹೆಚ್ಚು ಬಳಸಿದಷ್ಟೂ ಅದರ ಆಯುಷ್ಯ ಕುಗ್ಗುವುದರಿಂದ, ನಮಗೆ ದಕ್ಕುವುದು 1,200. ಫ್ಯಾನಿಗೆ 200, ದೀಪಗಳಿಗೆ 100, ಚಿಕ್ಕ ಫ್ರಿಜ್ಜಿಗೆ ದಿನಕ್ಕೆ ಸುಮಾರು 500 ಎಂದಿಟ್ಟುಕೊಂಡರೆ ಸುಖವಾಗಿ ರಾತ್ರಿ ಕಳೆಯುತ್ತದೆ. ಸಾವಿರ ವಾಟಿನ ಏರ್ ಕಂಡೀಷನರ್ ಅದನ್ನೆಲ್ಲ ಒಂದು ಗಂಟೆ ಚಿಲ್ಲರೆಯಲ್ಲಿ ನುಂಗಿಬಿಡುತ್ತದೆ. ಅಡಿಗೆ ಅನಿಲ ಗಾಳಿಗಿಂತ ಭಾರವಾದುದು. ಸೋರಿದರೆ ಕೆಳಗೆ ನಿಲ್ಲುತ್ತದೆ. ಆದುದರಿಂದ ಗಾಳಿಕಂಡಿ ನೆಲಮಟ್ಟದಲ್ಲಿಯೂ ಇರಬೇಕು. ಇದನ್ನು ಕೇಳಿದಾಗ ಮುಖ ಮುಖ ನೋಡಿಕೊಂಡ ಕಾರ್ಖಾನೆಯಿಂದ ನಾವು ಒಡನೆಯೇ ಎದ್ದು ಬಂದೆವು.

ಇನ್ನೊಂದರಿಂದ ಹಾಗೆ ಎದ್ದು ಬರಲಿಲ್ಲ. ಅದೇ ನಮ್ಮ ತಪ್ಪು. ಮಖಮಲ್ಲಿನ ಆಸನ, ಬಣ್ಣದ ದೀಪ ನೋಡಿ ಮಾವನವರು ಇಪ್ಪತ್ತೈದು ಸಾವಿರ ರೂಪಾಯಿ ಮುಂಗಡ ಕೊಟ್ಟುಬಿಟ್ಟರು. ಆಮೇಲೆ ಸಾರಿಗೆ ಅಧಿಕಾರಿಗಳ ಅನುಮತಿಯ ವಿಷಯ ಕೇಳಿದರೆ, "ಅದನ್ನೆಲ್ಲ ಕೊನೆಗೆ ನೋಡಿಕೊಳ್ಳೋಣ ಬಿಡಿ" ಎಂಬ ಉತ್ತರ ಬಂತು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ವಾಹನವನ್ನು ಮನಬಂದಂತೆ ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿದೆ. ಮೋಟಾರು ಕ್ಯಾರವಾನುಗಳಿಗೆಂದೇ ಎ.ಐ.ಎಸ್.-124 ಎಂಬ ಮಾನದಂಡವಿದ್ದು, ವಾಹನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಸಂಸ್ಥೆಗಳಲ್ಲಿ ಪುಣೆಯ ಎ.ಆರ್.ಎ.ಐ. ಒಂದು. ನೋಂದಣಿ ಪತ್ರದಲ್ಲಿ ಒಂದು ಬಗೆ, ರಸ್ತೆಯ ಮೇಲೆ ಇನ್ನೊಂದು ಬಗೆಯಾದರೆ ಅಪಘಾತವಾದಾಗ ವಿಮೆಯವರು ಕೈಯಾಡಿಸಿಬಿಡಬಹುದು. ಮುಂಗಡದಲ್ಲಿ ಅರ್ಧ ಮಾತ್ರ ಹಿಂದಿರುಗಿತು. ಆ ಸಂಜೆ ಬಸ್ಸಿನಲ್ಲಿ ಮಾವನವರು ಒಂದು ಮಾತೂ ಆಡಲಿಲ್ಲ.

ಆನಂತರ ನಾವು ಮೊದಲು ಕಾಗದ ಕೇಳಿದೆವು, ಆಮೇಲೆ ದೀಪ ನೋಡಿದೆವು. ಹಿಂದೆ ಮಾಡಿಕೊಟ್ಟ ವಾಹನವೊಂದರ ನೋಂದಣಿ ಪತ್ರ ತೋರಿಸಲು ಹಿಂಜರಿಯದವರು, ಮಾಡಿಸಿಕೊಂಡವರ ಮನೆಗೆ ಕರೆದೊಯ್ದವರು ಒಬ್ಬರೇ ಸಿಕ್ಕಿದರು. ಹಣವನ್ನು ಕೆಲಸ ಮುಗಿದಂತೆಲ್ಲ ಕಂತಿನಲ್ಲಿ ಕೊಡುವುದೆಂದೂ, ನೀರು ತುಂಬಿಸಿ ತೂಕದ ಸೇತುವೆಯ ಮೇಲೆ ನಿಲ್ಲಿಸಿ ಚೀಟಿ ಕೊಡಬೇಕೆಂದೂ ಬರೆಸಿಕೊಂಡೆವು.

ಸಹಿ ಹಾಕುವ ಮುನ್ನ ಅಂಥದೇ ವ್ಯಾನೊಂದನ್ನು ಎರಡು ರಾತ್ರಿಗೆ ಬಾಡಿಗೆಗೆ ತಂದೆವು. ಎಲ್ಲ ಲೆಕ್ಕಗಳಿಗಿಂತ ಇದೇ ಹೆಚ್ಚು ಕಲಿಸಿತು. ಮಂಡಿನೋವಿನ ಅತ್ತೆಗೆ ಮೆಟ್ಟಿಲು ಹತ್ತಲಾಗಲಿಲ್ಲ. ಆರು ತಿಂಗಳು ವಾಟು, ಕಿಲೋ ಎಂದು ಬರೆದ ನನ್ನ ಪುಸ್ತಕದಲ್ಲಿ ಮೆಟ್ಟಿಲೆಂಬ ಪದವೇ ಇರಲಿಲ್ಲ! ಈಗ ಬಾಗಿಲ ಬಳಿ ಆರಂಗುಲದ ಎರಡು ಮಡಿಸುವ ಮೆಟ್ಟಿಲು, ಒಂದು ಹಿಡಿಕೆ ಸೇರಿವೆ. ವ್ಯಾನು ಇನ್ನೂ ಕಾರ್ಖಾನೆಯಲ್ಲಿದೆ. ನೋಂದಣಿ ಪತ್ರ ತಿದ್ದುಪಡಿಯಾಗಿ ಕೈಸೇರುವವರೆಗೆ ಕೊನೆಯ ಕಂತು ಅತ್ತೆಯ ಟ್ರಂಕಿನಲ್ಲಿರುತ್ತದೆ. ಬೀಗದ ಕೈಯನ್ನು ಅವರು ಮಾವನವರಿಗೆ ಕೊಟ್ಟಿಲ್ಲ.