ಕುಂಚಿಗಿ ತಿದ್ದಿದ ಕಾರ್ಡಿಗನ್

ಬೀದರ್ ಜಿಲ್ಲೆಯ ಭಾತಂಬ್ರಾದ ತೊಟ್ಟಿಲ ಕಾರ್ಯಕ್ಕೆ ನಾನು ಒಯ್ದದ್ದು ಹಳದಿ ಉಲ್ಲನ್ನಿನ ಪುಟ್ಟ ಕಾರ್ಡಿಗನ್. ಇಪ್ಪತ್ತು ದಿನ ಕೂತು ಹೆಣೆದದ್ದು. ಕೂಸಿನ ಸೋದರತ್ತೆ ಬಣ್ಣ ನೋಡಲಿಲ್ಲ, ಡಿಸೈನ್ ನೋಡಲಿಲ್ಲ. ತೋಳಿನ ತುದಿಯಿಂದ ಎರಡು ಬೆರಳು ಒಳಗೆ ತೂರಿಸಿದರು. ಗೆಣ್ಣಿನ ಹತ್ತಿರ ಸಿಕ್ಕಿಕೊಂಡವು.

‘ಇದ್ರಾಗ ಕೂಸಿನ ಕೈ ಹ್ಯಾಂಗ್ ಹೋಗ್ತದವ್ವಾ?’

ಹಸುಗೂಸು ತಾನಾಗಿ ತೋಳಿಗೆ ಕೈ ಹಾಕುವುದಿಲ್ಲ. ತೊಡಿಸುವವರೇ ಹೊರಗಿನಿಂದ ಬೆರಳು ತೂರಿಸಿ, ಒಳಗಿರುವ ಮುಷ್ಟಿ ಹಿಡಿದು ಮೆಲ್ಲಗೆ ಎಳೆದುಕೊಳ್ಳಬೇಕು. ನಾನು ಹನ್ನೆರಡು ನಂಬರಿನ ಕಡ್ಡಿಯಲ್ಲಿ (ನಂಬರು ಏರಿದಷ್ಟೂ ಕಡ್ಡಿ ತೆಳು) ಬರೀ 32 ಮನೆ ಹಾಕಿ, ಎರಡು ಸೀದಾ ಎರಡು ಉಲ್ಟಾ ಬಿಗಿಯಾಗಿ ಹೆಣೆದಿದ್ದೆ.

ಕುಂಚಿಗಿಗೆ ಈ ರಗಳೆಯೇ ಇಲ್ಲ, ಅದಕ್ಕೆ ತೋಳೇ ಇಲ್ಲ. ತಲೆಗೆ ಟೊಪ್ಪಿಗೆ, ಬೆನ್ನಿಗೆ ಹೊದಿಕೆ ಎರಡೂ ಒಂದೇ ಬಟ್ಟೆಯಲ್ಲಿ; ಗದ್ದದ ಕೆಳಗೆ ಕಸಿ ಕಟ್ಟಿದರೆ ಮುಗಿಯಿತು. ಖಣದ ತುಂಡು, ಅಜ್ಜಿಯ ಮೆತ್ತನೆಯ ಹಳೇ ಸೀರೆ, ಅಂಚಿಗೊಂದಿಷ್ಟು ಲೇಸು. ಗಡಿ ದಾಟಿದರೆ ಮರಾಠಿಯಲ್ಲಿ ಅದೇ ಕುಂಚಿ.

ಕಾರ್ಡಿಗನ್ ಬಂದದ್ದು ಯುದ್ಧದಿಂದ. 1854ರ ಅಕ್ಟೋಬರ್ 25ರಂದು ಕ್ರಿಮಿಯಾದ ಬಾಲಕ್ಲಾವಾದಲ್ಲಿ ಬ್ರಿಟಿಷ್ ಕುದುರೆಪಡೆಯನ್ನು ಫಿರಂಗಿಗಳ ಬಾಯಿಗೆ ನುಗ್ಗಿಸಿದ ಅರ್ಲ್ ಆಫ್ ಕಾರ್ಡಿಗನ್‌ನ ಹೆಸರೇ ಮುಂದೆ ತೆರೆದ ಈ ಉಣ್ಣೆಯಂಗಿಗೆ ಉಳಿಯಿತು. ಅದೇ ಊರಿನ ಹೆಸರು ಹೊತ್ತ ಬಾಲಕ್ಲಾವಾ ಟೋಪಿ ನಮ್ಮಲ್ಲಿ ಮಂಕಿ ಕ್ಯಾಪ್ ಆಯಿತು. ಅಷ್ಟು ರಕ್ತ ಹರಿದ ಜಾಗದಿಂದ ಬಂದ ಎರಡು ಹೆಸರು ನಮ್ಮ ತೊಟ್ಟಿಲ ಸುತ್ತ ಸುಳಿದಾಡುತ್ತಿವೆ!

ಹೆಣಿಗೆ ಈ ದೇಶದಲ್ಲಿ ಹರಡಿದ್ದರಲ್ಲಿ ಮಿಷನರಿ ಹೆಂಗಸರ ಹುಡುಗಿಯರ ಶಾಲೆಗಳ ಪಾಲು ದೊಡ್ಡದು. ನೂಲು ಮಾತ್ರ ಹೊರಗಿನದೇ ಬೇಕಿತ್ತು. ದಖನಿ ಕುರಿಯ ಒರಟು ಉಣ್ಣೆ ಕಂಬಳಿಗೆ ಸೈ, ಕೂಸಿನ ಕುತ್ತಿಗೆಗೆ ಅಲ್ಲ. ಸುಮಾರು 2,200 ಅಡಿ ಎತ್ತರದ ಬೀದರಿನಲ್ಲಿ ಪುಷ್ಯದ ಚಳಿ ಸುಮ್ಮನೆ ಬಿಡುವಂಥದ್ದೂ ಅಲ್ಲ. 1950ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಅಕ್ರಿಲಿಕ್ ದಾರವೇ ಮುಂದೆ ನಮ್ಮ ಅಂಗಡಿಗಳಲ್ಲಿ ‘ಉಲ್ಲನ್’ ಎಂಬ ಹೆಸರಲ್ಲಿ ಕೂತಿತು. ಅಗ್ಗ, ಮೃದು, ದಿನಾ ಒಗೆದರೂ ಉಣ್ಣೆಯಂತೆ ಮುದುಡುವುದಿಲ್ಲ. ದಿನಕ್ಕೆ ನಾಲ್ಕು ಸಲ ಒದ್ದೆಯಾಗುವ ಕೂಸಿನ ಬಟ್ಟೆಗೆ ಇದಕ್ಕಿಂತ ದೊಡ್ಡ ಗುಣ ಯಾವುದು?

ಕಾರ್ಡಿಗನ್ ನಮ್ಮ ಕೂಸುಗಳಿಗೆ ಒಗ್ಗಿದ್ದಕ್ಕೆ ಇನ್ನೊಂದು ಕಾರಣವೂ ಇದೆ ಅಂತ ನನಗನಿಸುತ್ತದೆ. ಕುತ್ತಿಗೆ ನಿಲ್ಲದ ಕೂಸಿಗೆ ತಲೆಯ ಮೇಲಿಂದ ತೊಡಿಸುವ ಸ್ವೆಟರ್ ದೊಡ್ಡ ಪೇಚು. ಮಲಗಿಸಿದಲ್ಲೇ ತೊಡಿಸಬಹುದಾದ, ಮುಂದೆ ಬಿಚ್ಚಿಕೊಳ್ಳುವ ಅಂಗಿ ಕುಂಚಿಗಿ ಕಟ್ಟಿ ಗೊತ್ತಿದ್ದ ಕೈಗಳಿಗೆ ಹೊಸದೆನಿಸಲಿಲ್ಲ.

ಇತ್ತ ಸೋದರತ್ತೆಯವರ ತಕರಾರು ಇನ್ನೂ ಮುಗಿದಿರಲಿಲ್ಲ. ‘ಗುಂಡಿ ಬ್ಯಾಡ, ಕಿತ್ತು ಬಾಯಾಗ ಹಾಕ್ಕೋತದ. ಕಸಿ ಹಚ್ಚು.’ ಎರೆದ ಮೇಲೆ ಲೋಬಾನದ ಹೊಗೆ ಹಿಡಿಯುವಾಗ ಸ್ವೆಟರ್ ಹತ್ತಿರವೂ ಸುಳಿಯಬಾರದು, ಆಗ ಕುಂಚಿಗಿಯೇ. ಕೆಂಡದ ಒಂದು ಕಿಡಿ ಸಿಡಿದರೆ ಅಕ್ರಿಲಿಕ್ ಕರಗಿ ಚರ್ಮಕ್ಕೆ ಅಂಟುತ್ತದೆ. ಅತ್ತೆ ಅಕ್ರಿಲಿಕ್ ಎಂಬ ಮಾತು ಆಡಲಿಲ್ಲ, ‘ಪ್ಲಾಸ್ಟಿಕ್ ಅದ’ ಅಂದರು.

ರಾತ್ರಿ ತೋಳು ಬಿಚ್ಚಿದೆ. ಸೇವಿಗೆಯಂತೆ ಗುಂಗುರಾಗಿದ್ದ ದಾರವನ್ನು ಉಂಡೆ ಸುತ್ತಿಟ್ಟು, ಮಣಿಕಟ್ಟಿಗೆ ಹೊಸದಾಗಿ 40 ಮನೆ ಹಾಕಿದೆ. ಗುಂಡಿ ಇದ್ದ ಕಡೆ ಹೆಣೆದ ಕಸಿ ಬಂತು. ಬೆಳಿಗ್ಗೆ ಅತ್ತೆಯವರ ಎರಡು ಬೆರಳು ತೋಳಿನಲ್ಲಿ ಸಲೀಸಾಗಿ ಹೋಗಿ ಹೊರಬಂದವು. ಕೂಸಿಗೆ ತೊಡಿಸಿ, ಮೇಲೊಂದು ಕುಂಚಿಗಿ ಕಟ್ಟಿದರು.