ನಿಮಗಿದು ಗೊತ್ತೆ? ನಾಲ್ಕು ಗೆಲುವು, ನಾಲ್ಕು ಚಿಹ್ನೆ

ಶಿವಮೊಗ್ಗ ಲೋಕಸಭಾ ಕ್ಷೇತ್ರದಿಂದ ಕರ್ನಾಟಕದ ಮಾಜಿ ಮುಖ್ಯಮಂತ್ರಿ ಎಸ್. ಬಂಗಾರಪ್ಪ ಗೆದ್ದದ್ದು ನಾಲ್ಕು ಸಲ. ನಾಲ್ಕೂ ಸಲ ಪಕ್ಷ ಬೇರೆ!

1996ರಲ್ಲಿ ತಾವೇ ಕಟ್ಟಿದ ಕರ್ನಾಟಕ ಕಾಂಗ್ರೆಸ್ ಪಕ್ಷ. 1999ರಲ್ಲಿ ಕಾಂಗ್ರೆಸ್. 2004ರಲ್ಲಿ ಬಿಜೆಪಿ. ಮರುವರ್ಷವೇ ಆ ಪಕ್ಷವನ್ನೂ ಸ್ಥಾನವನ್ನೂ ಬಿಟ್ಟು ಉಪಚುನಾವಣೆಗೆ ನಿಂತರು. ಈ ಬಾರಿ ಸಮಾಜವಾದಿ ಪಕ್ಷದ ಸೈಕಲ್. ಮಲೆನಾಡಿನಲ್ಲಿ ಆ ಚಿಹ್ನೆಯನ್ನು ಬಲ್ಲವರೇ ಕಡಿಮೆ. ಆದರೂ ಗೆದ್ದರು, ಅದೂ ಆಯನೂರು ಮಂಜುನಾಥ್ ವಿರುದ್ಧ. 1998ರಲ್ಲಿ ಇದೇ ಕ್ಷೇತ್ರದಲ್ಲಿ ಬಂಗಾರಪ್ಪನವರನ್ನು ಸೋಲಿಸಿದ್ದವರು ಇದೇ ಮಂಜುನಾಥ್. ಮತದಾರರು ಚಿಹ್ನೆ ನೋಡಲಿಲ್ಲ, ಆಳನ್ನು ನೋಡಿದರು ಎನ್ನಬೇಕಷ್ಟೆ.

ವಿಧಾನಸಭೆಯ ಲೆಕ್ಕವೂ ಕಡಿಮೆಯದಲ್ಲ. ಹುಟ್ಟೂರು ಕುಬಟೂರು ಇರುವ ಸೊರಬ ತಾಲ್ಲೂಕು 1967ರಿಂದ 1994ರವರೆಗೆ ಸತತ ಏಳು ಚುನಾವಣೆಗಳಲ್ಲಿ ಅವರ ಕೈ ಬಿಡಲಿಲ್ಲ. ಮೊದಲು ಆರಿಸಿ ಬಂದಾಗ ಅವರು ಸಮಾಜವಾದಿ. ಸಮಾಜವಾದಿ ಮುಖಂಡ ಶಾಂತವೇರಿ ಗೋಪಾಲಗೌಡರ ಗರಡಿಯ ವಕೀಲ. 1990ರ ಅಕ್ಟೋಬರ್‌ನಿಂದ 1992ರ ನವೆಂಬರ್‌ವರೆಗೆ ಮುಖ್ಯಮಂತ್ರಿ.

ಇಷ್ಟೆಲ್ಲ ಓಡಾಟದ ನಡುವೆ ಹಿಂದೂಸ್ತಾನಿ ಸಂಗೀತಕ್ಕೂ ಬ್ಯಾಡ್ಮಿಂಟನ್‌ಗೂ ಅವರಿಗೆ ಪುರುಸೊತ್ತು ಇರುತ್ತಿತ್ತು.